ಜಾತಕವಿಲ್ಲದ ಚೀಲ

ಪೋಪೆರಿಂಗೆಯಲ್ಲಿ ಫೆಬ್ರವರಿ. ಹಾಪ್ ತೋಟದ ಕಂಬಗಳು
ಬಳ್ಳಿಯಿಲ್ಲದೆ, ತಂತಿಯೊಂದನ್ನೇ ಹೊತ್ತು ನಿಂತಿವೆ.
ಒಳಗೆ ಹೋಡೆಲೀವೆ ಫ್ರೀಜರಿನ ತಳ ಕೆದಕುತ್ತಾಳೆ.
ಬಟಾಣಿ ಪೊಟ್ಟಣದಡಿ, ಹೆಪ್ಪುಗಟ್ಟಿದ ಮೀನಿನಡಿ
ಬೆಳ್ಳಿ ಬಣ್ಣದ ಆರು ಚೀಲ, ಆರಕ್ಕೂ ಪೆನ್ಸಿಲಿನಲ್ಲಿ ಜಾತಕ:
ಯಾರ ತೋಟ, ಯಾವ ಸೆಪ್ಟೆಂಬರು, ಕೊಯ್ದಾಗ ಎಷ್ಟು ಕಹಿ.

ಉಪ್ಪಿನಕಾಯಿ ಜಾಡಿಗೆ ಬಾಯಿಬಟ್ಟೆ ಕಟ್ಟುವ ಶ್ರದ್ಧೆ.
ಗಾಳಿ ಹೀರಿ ತೆಗೆದು, ಅಂಚು ಬೆಸೆದು, ಬೆಳಕು ತಾಗಿಸದೆ.
ಆದರೂ ಒಂದು ಉಬ್ಬಿದೆ.
ಸೂಜಿಮೊನೆಯಷ್ಟು ತೂತು. ಗಾಳಿಗೆ ಅಷ್ಟು ಸಾಕು.

ನಾಲ್ಕು ಹೂ ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದಳು.
ನಿಂಬೆಸಿಪ್ಪೆ ಇಲ್ಲ. ಕೊಯ್ದ ಹುಲ್ಲಿಲ್ಲ.
ಪಕ್ಕದ ಕೋಣೆಯಲ್ಲಿ ಯಾರೋ ಹಳೇ ಪುಸ್ತಕ ತೆರೆದ ಹಾಗೆ.
"ಎಸೆದುಬಿಡು," ಅಂದ ನೆರೆಮನೆಯ ವಾನ್ನೆಸ್,
ಕುಡಿಯಲು ಬರುವವನು, ಕುದಿಸಲು ಬಾರದವನು.

ಅವಳು ಬಸ್ ಟಿಕೆಟ್ಟಿನ ಬೆನ್ನ ಮೇಲೆ ಲೆಕ್ಕ ಹಾಕಿದಳು:
ಮೂರರಲ್ಲೊಂದು ಪಾಲು ಕಹಿ ಸೋರಿದೆಯೆಂದರೆ
ಮೂವತ್ತು ಗ್ರಾಮಿನ ಜಾಗಕ್ಕೆ ನಲವತ್ತೈದು.
ಕುದಿಯ ಮೊದಲಿಗೇ ಹಾಕಬೇಕು, ಕೊನೆಗಲ್ಲ.
ಇದರ ಹತ್ತಿರ ಪರಿಮಳ ಕೇಳಬಾರದು,
ದುಡಿಮೆ ಕೇಳಬಹುದು.

ಆಮೇಲೆ ಅಟ್ಟ ಹತ್ತಿದ್ದು ಉದ್ದ ಹಿಡಿಯ ಸೌಟಿಗಾಗಿ.
ಸಿಕ್ಕಿದ್ದು ಕಾಗದದ ಚೀಲ. ಯಾವ ಸುಗ್ಗಿಯಲ್ಲೋ
ಮೈದುನ ಕೊಟ್ಟದ್ದು, ಇಟ್ಟದ್ದು, ಮರೆತದ್ದು,
ಹಂಚಿನ ಕೆಳಗೆ ಎಷ್ಟೋ ಬೇಸಿಗೆ ಬೆಂದದ್ದು.
ಹೂವಿಗೆ ಚಹಾಪುಡಿಯ ಬಣ್ಣ.
ನಾತ ಚೀಸಿನದು, ಒದ್ದೆ ಕಾಲುಚೀಲದ್ದು.
ವಾನ್ನೆಸ್ ಮೂಗು ಹಿಡಿದುಕೊಂಡ.

ಅವಳು ಮಾತ್ರ ಬೊಗಸೆ ತುಂಬ ಎತ್ತಿ ನಕ್ಕಳು.
ಬ್ರಸೆಲ್ಸಿನ ಪಡುವಣಕ್ಕೆ, ಅವಳ ತಾಯಿಯ ತೌರಿನ ಕಡೆ,
ಕಿಟಕಿ ತೆರೆದಿಟ್ಟು, ರಾತ್ರಿಗಾಳಿಯನ್ನೇ ಹೆಪ್ಪು ಮಾಡಿಕೊಂಡು
ಹುಳಿಬಿಯರು ಹಾಕುವವರು ಇಂಥದ್ದನ್ನೇ ಹುಡುಕುತ್ತಾರೆ.
ಬೇಕೆಂದೇ ಹಳತು ಮಾಡುತ್ತಾರೆ:
ಕಹಿ ಸತ್ತಿರಬೇಕು,
ಕಾಯುವ ಗುಣ ಸತ್ತಿರಬಾರದು.

"ಮೂರು ತಾಸು ಕುದಿಯಲಿ," ಅಂದಳು,
"ಈ ನಾತದ ಬಹುಪಾಲು ಹಬೆಯ ಜೊತೆ ಹೊರಟುಹೋಗುತ್ತೆ.
ಉಳಿದದ್ದು ಪೀಪಾಯಿಯಲ್ಲಿ ಕೂತು ಯೋಚನೆ ಮಾಡುತ್ತೆ.
ಹಣ್ಣಿನ ವಾಸನೆಯಾಗಿ ಬಂದರೂ ಬರಬಹುದು."

ಮಿಕ್ಕದ್ದನ್ನು ಚೀಲಕ್ಕೆ ಸುರಿದು ಪೆನ್ಸಿಲು ತೆಗೆದಳು.
ಯಾವ ವರ್ಷ ಬರೆಯುವುದು?
ಒಂದು ಕ್ಷಣ ತಡೆದು, "ಸಾಕಷ್ಟು" ಎಂದು ಬರೆದಳು.
ಫ್ರೀಜರಿಗಲ್ಲ, ಮತ್ತೆ ಅಟ್ಟಕ್ಕೇ ಏರಿಸಿದಳು.

"ಕುಡಿಯೋದು ಯಾವಾಗ?" ಮೂಗಿನಲ್ಲೇ ಕೇಳಿದ ವಾನ್ನೆಸ್.
"ಮೊದಲು ಮೂಗು ಬಿಡು," ಅಂದಳು,
"ಆಮೇಲೆ ಎರಡು ವರ್ಷ."