ಕೂದಲೆಳೆ

"ಕೂದಲೆಳೆಯಷ್ಟರಲ್ಲಿ ಪಾರಾದ ನಿನ್ನ ಗಂಡ"
ಎಂದರು ಕಾರ್ನರ್ ಬ್ರೂಕಿನ ಡಾಕ್ಟರು.
ಯಾರ ಕೂದಲು ಅಂತ ನಾನು ಕೇಳಲಿಲ್ಲ.

ಮಂಜು ಕವಿದ ಹೆದ್ದಾರಿ, ರಾತ್ರಿ ಒಂಬತ್ತೂವರೆ,
ಲಿಯಾಂಡರನ ಪಿಕಪ್ಪಿಗೆ ಅಡ್ಡ ನಿಂತಿತ್ತು ಮೂಸ್,
ಕುದುರೆಗಿಂತ ಮೊಳ ಎತ್ತರ,
ದೀಪಕ್ಕೆ ಕಣ್ಣು ಮಿಟುಕಿಸದ ಹೆಣ್ಣು.
ಅದು ಸತ್ತಿತು. ಇವನ ಸೊಂಟ ಎರಡು ಕಡೆ ಮುರಿಯಿತು.

ನಾಲ್ಕನೆಯ ದಿನ ಆಸ್ಪತ್ರೆಯಿಂದ ಫೋನು:
"ಡ್ರುಸಿಲಾ, ಈ ಸಲದ ಕೂದಲು ಹೋಯಿತಲ್ಲೇ.
ಅಕ್ಟೋಬರಿನದೇ ಆಗಬೇಕು, ಬೇಸಿಗೆಯದು ಮೊಂಡು."
"ಆಂಬ್ರೋಸ್ ಒಂದು ತುಂಡು ತೊಗಲು ಕೊಟ್ಟಿದ್ದಾನೆ" ಎಂದೆ.
ಪಿಕಪ್ಪನ್ನು ಎಳೆದು ತಂದವನೂ ಅವನೇ
ಎಂಬುದನ್ನು ನುಂಗಿಕೊಂಡೆ.

ಮೂವತ್ತೊಂದು ವರ್ಷ
ನನ್ನ ಅಡಿಗೆಮನೆಯ ಮೇಜಿನ ಮೇಲೆ ಹುಸಿನೊಣ ಕಟ್ಟಿದ,
ಬೆಣ್ಣೆಯಲ್ಲಿ ಕೂದಲು, ಬ್ರೆಡ್ಡಿನಲ್ಲಿ ಕೂದಲು.
ಬಯ್ದೆನೇ ಹೊರತು ನೋಡಲಿಲ್ಲ.
ಈಗ ಫೋನನ್ನು ಹೆಗಲಿಗೂ ಕಿವಿಗೂ ಸಿಕ್ಕಿಸಿ
ಚಮಚದ ಅಂಚಿನಿಂದ ಕೊಬ್ಬು ಕೆರೆಯುತ್ತೇನೆ.
"ಬಿಳಿ ಕಾಣುವವರೆಗೆ ಕೆರೆ. ಉಳಿದರೆ ನಾರುತ್ತದೆ."
ಬೇಕಾದ್ದಕ್ಕಿಂತ ಒತ್ತಿ ಕೆರೆದೆ, ಸುಳ್ಳೇಕೆ,
ಒಂದು ಕಡೆ ತೂತೇ ಬಿತ್ತು.

ಬಿಳಿಗಾರ ತಿಕ್ಕಿ, ಹಲಗೆಗೆ ಮೊಳೆ ಹೊಡೆದು,
ಕೂದಲು ಕೆಳಗೆ, ಚರ್ಮ ಮೇಲೆ,
ಒಲೆಯ ಬಿಸಿ ತಾಕದ ಷೆಡ್ಡಿನಲ್ಲಿ ಎರಡು ವಾರ.
ಪಾತ್ರೆ ತೊಳೆಯುವ ಸೋಪಿನಲ್ಲಿ ಮಿಂದು
ಮತ್ತೆ ಒಣಗಿ, ಚೀಲ ಸೇರಿ,
ಐಸ್‌ಪೆಟ್ಟಿಗೆಯಲ್ಲಿ ಕಾಡ್ ಮೀನಿನ ಪಕ್ಕ ಒಂದು ವಾರ,
ಹುಳು ಮೊಟ್ಟೆ ಇಟ್ಟಿದ್ದರೆ ಸಾಯಲಿ ಅಂತ.

"ಬೆಂಕಿಕಡ್ಡಿಯಷ್ಟು ದಪ್ಪ ಕತ್ತರಿಸು.
ತುದಿ ಹಿಡಿ, ಬುಡ ಬಾಚು."
ಒಳತುಪ್ಪಳ ಬಂತು, ಬೂದಿ ಬಣ್ಣ, ಮಗುವಿನ ತಲೆಯಷ್ಟು ಮೆತ್ತಗೆ.
ಆಮೇಲೆ ಬಾಚಣಿಗೆಯ ಹಲ್ಲಿಗೆ ಏನೋ ತಡೆಯಿತು.
ಟಣ್ ಅಂತ ತಟ್ಟೆಗೆ ಬಿತ್ತು
ಸಕ್ಕರೆ ಹರಳಿನಂಥ ಒಂದು ಗಾಜು.

"ಏನದು ಸದ್ದು?"
"ಬೆರಳ ಟೋಪಿ ಬಿತ್ತು" ಎಂದೆ.

ಖಾಲಿ ತೋಟಾದಲ್ಲಿ ತುದಿ ಕೆಳಗೆ ಮಾಡಿ ಇಳಿಸಿ
ಮೇಜಿಗೆ ತಟ್ಟು, ತಟ್ಟು, ತಟ್ಟು.
ಗಿಡ್ಡ ಉದ್ದ ಎಲ್ಲ ಒಂದೇ ಸಾಲಿಗೆ ಬಂದವು.
ಕೊಕ್ಕೆಯ ಮೇಲಿಟ್ಟು ನೂಲು ಬಿಗಿದೆ,
ಸರ್ರನೆ ಅರಳಿ ನಿಂತಿತು, ರೇಗಿದ ಬೆಕ್ಕಿನ ಬಾಲ.
ಪ್ರತಿ ಕೂದಲೂ ಒಳಗೆ ಪೊಳ್ಳಂತೆ,
ಗಾಳಿ ಹಿಡಿದಿಟ್ಟ ಕೊಳವೆಯಂತೆ.
ಪೊಳ್ಳು ಎಂದರೆ ಬೈಗುಳ ಅಂದುಕೊಂಡಿದ್ದೆ.

ಜೂನ್. ಊರುಗೋಲು ಹಿಡಿದು ದಂಡೆಯಲ್ಲಿ ಅವನು.
ಅವನ ರಬ್ಬರ್ ಚಲ್ಲಣ ತೊಟ್ಟು ಸೊಂಟದ ನೀರಲ್ಲಿ ನಾನು.
ನನ್ನ ಸೊಟ್ಟ ನೊಣ ಹೊಳೆಯ ಬೆನ್ನೇರಿ ಹೋಯಿತು,
ಮುಳುಗಲಿಲ್ಲ.
ಕಪ್ಪು ನೀರು ಒಮ್ಮೆ ಉಬ್ಬಿತು,
ಸಾಲ್ಮನ್ ಒಂದು ನೋಡಿಕೊಂಡು ಹೋಯಿತು.

"ಒಳ್ಳೇ ಕೂದಲು" ಅಂದ.
"ಎಲ್ಲಿ ಹೊಡೆದನಂತೆ ಆಂಬ್ರೋಸ್?"

"ನಾನು ಕೇಳಲಿಲ್ಲ" ಎಂದೆ,
ದಾರ ಎಳೆದುಕೊಳ್ಳುತ್ತ,
ಅಂಗಿಯ ಜೇಬಿನಲ್ಲಿ ಆ ಹರಳು ಇದೆಯೇ ಎಂದು
ಇನ್ನೊಂದು ಕೈಯಲ್ಲಿ ಮುಟ್ಟಿ ನೋಡುತ್ತ.