ತಣ್ಣೀರಿನ ಲೋಟ

ಧರಣೇಂದ್ರಯ್ಯನ ಅಂಗಡಿಯಲ್ಲಿ
ಕಣ್ಣೆತ್ತರಕ್ಕಿರುವ ಕಾಫಿ ನನ್ನದಲ್ಲ.
ಅಲ್ಲಿ ಚಿನ್ನದ ಬಣ್ಣದ ಪೊಟ್ಟಣಗಳು,
ಮೇಲೆ ಗುಡ್ಡ, ಮಂಜು, ಬುಟ್ಟಿ ಹಿಡಿದು ನಗುವ ಹುಡುಗಿ.
ಅವಳ ಉಗುರಿನಡಿ ಒಂದಿಷ್ಟೂ ಕಪ್ಪಿಲ್ಲ.
ಬೆಲೆ ನೋಡಿದ ಕಣ್ಣು ತಾನಾಗಿ ಕೆಳಗಿಳಿಯುತ್ತದೆ,
ಎರಡನೇ ಸಾಲು, ಮೂರನೇ ಸಾಲು,
ಕೊನೆಗೆ ನೆಲದ ಹತ್ತಿರ
ಫಿನಾಯಿಲು, ರಂಗೋಲಿ ಪುಡಿ, ಇಲಿಬೋನಿನ ನೆರೆಯಲ್ಲಿ
ನನಗೆಟಕುವ ಕಾಫಿ.

ಹತ್ತೊಂಬತ್ತು ವರ್ಷ
ಕಾಫಿ ವರ್ಕ್ಸಿನಲ್ಲಿ ಬೀಜ ಹೆಕ್ಕಿದವಳು ನಾನು.
ಕರಿದು ಆಚೆ, ಹುಳ ಕೊರೆದದ್ದು ಆಚೆ,
ಒಡೆದದ್ದು ಆಚೆ.
ಈಚೆ ಉಳಿದದ್ದು ಚೀಲ ಸೇರಿ, ಲಾರಿ ಸೇರಿ,
ಮಂಗಳೂರಲ್ಲಿ ಹಡಗು ಹತ್ತಿ ಹೋಗುತ್ತಿತ್ತು,
ಚೀಲದ ಮೇಲಿನ ಊರ ಹೆಸರು ಓದಲು
ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ.
ಹಸಿಬೀಜಕ್ಕೆ ಕಾಫಿಯ ವಾಸನೆಯಿಲ್ಲ, ಗೊತ್ತೇ?
ಒಣಹುಲ್ಲಿನ ವಾಸನೆ, ಗೋಣಿಯ ವಾಸನೆ.
ಅದನ್ನೇ ಸೆರಗಿನಲ್ಲಿ ಹೊತ್ತು ಮನೆಗೆ ಬಂದು
ಚಿಕೋರಿ ಕುಡಿಯುತ್ತಿದ್ದೆ:
ಕರ್ರಗೆ, ಮಂದಕ್ಕೆ, ನಾಲಿಗೆಯ ಮೇಲೆ
ಯಾವುದೋ ಬೇರು ಸುಟ್ಟ ಹಾಗೆ.

ಇವತ್ತೇನೋ ಹಟ ಬಂತು.
'ಧರಣೇಂದ್ರಯ್ಯ, ಒಂದು ಗಾಜಿನ ಲೋಟ ಕೊಡಿ. ತಣ್ಣೀರು.'
'ಬಿಸಿಲು ಜಾಸ್ತಿ ಆಯ್ತಾ ಪುಟ್ಟತಾಯಕ್ಕ?'
'ಕುಡಿಯಕ್ಕಲ್ಲ.'

ಮೊದಲ ಡಬ್ಬದಿಂದ ಒಂದು ಚಿಟಿಕೆ.
ಬಿದ್ದದ್ದೇ ತಡ, ಮುಳುಗಿತು,
ಕೆಂಪು ಬಾಲ ಬಿಟ್ಟುಕೊಂಡು ತಳಕ್ಕಿಳಿಯಿತು.
ನೀರು ಚರಂಡಿಗೆ.
ಎರಡನೇ ಡಬ್ಬ: ಅರ್ಧ ತೇಲಿತು,
ಅರ್ಧ ನಾಚಿಕೆಯಿಲ್ಲದೆ ಬಣ್ಣ ಬಿಟ್ಟಿತು.
ಮೂರನೆಯದರ ಕಥೆ ಹೇಳುವ ಹಾಗಿಲ್ಲ.
ಅಷ್ಟರಲ್ಲಿ ಬೀಡಿಗೆ ಬಂದ ಆಟೋದವನು,
ಪೆನ್ಸಿಲ್ಲಿಗೆ ಬಂದ ಹುಡುಗ,
ತೊಗರಿಬೇಳೆ ತೂಗಿಸುತ್ತಿದ್ದ ಟೀಚರಮ್ಮ
ಕತ್ತು ಚಾಚಿ ನಿಂತಿದ್ದರು,
ಲೋಟದಲ್ಲಿ ಯಾರದೋ ಜಾತಕ ಕಾಣುವ ಹಾಗೆ.

ಕೊನೆಗೆ, ಇಲಿಬೋನಿನ ಹಿಂದಿದ್ದ
ಚಿತ್ರವಿಲ್ಲದ, ಹೆಸರಿಲ್ಲದ, ಸ್ಟೇಪ್ಲರ್ ಹೊಡೆದ ಪೊಟ್ಟಣ.
ಕಾಲು ಕೇಜಿಗೆ ನೂರಾಹತ್ತು.
ಚಿಟಿಕೆ ಬಿತ್ತು.
ತೇಲಿತು.
ಅಷ್ಟೂ ತೇಲಿತು. ನಾನು ಹತ್ತು ಎಣಿಸಿದೆ,
ಇಪ್ಪತ್ತು ಎಣಿಸಿದೆ,
ನೀರು ನೀರಾಗಿಯೇ ಇತ್ತು.

'ಇದು ಯಾರು ಮಾಡೋದು?'
'ಅದಾ? ಪೆನ್‌ಷನ್ ಮೊಹಲ್ಲಾದ ಇನಾಯತ್ ಸಾಬ್ರು.
ವರ್ಕ್ಸಿಂದ ತುಂಡುಬೀಜ ತಂದು ಹುರೀತಾರೆ.
ಯಾರೂ ಕೇಳಲ್ಲ ಕಣಕ್ಕ.'

ತುಂಡುಬೀಜ.
ಓಹೋ, ನೀವಾ?
ಎಷ್ಟು ವರ್ಷವಾಯ್ತು ನೋಡಿ.
ಈ ಬೆರಳಿನಿಂದಲೇ ಅಲ್ಲವೇ
ನಿಮ್ಮನ್ನು ಆಚೆ ತಳ್ಳುತ್ತಿದ್ದದ್ದು,
ಕೂಲಿ ಎಣಿಸಿಕೊಂಡು,
ಮೂಸಿಯೂ ನೋಡದೆ.

'ಯಾವುದು ಚೆನ್ನಾಗಿದೆ, ಹೇಳಿಬಿಡಿ' ಎಂದ ಧರಣೇಂದ್ರಯ್ಯ.
ಹೇಳಿದರೆ ನಾಳೆ ಈ ಪೊಟ್ಟಣ ಎರಡನೇ ಸಾಲಿಗೆ ಹತ್ತುತ್ತದೆ,
ನಾಡಿದ್ದು ಅದಕ್ಕೂ ಗುಡ್ಡ, ಮಂಜು, ಹುಡುಗಿ.
'ಎಲ್ಲ ಒಂದೇ ಸ್ವಾಮಿ' ಎಂದೆ,
'ಇದೇ ಕೊಡಿ, ಬಂದವರಿಗೆ ಆಗುತ್ತೆ.'

ಫಿಲ್ಟರಿನಲ್ಲಿ ಡಿಕಾಕ್ಷನ್ನು ಅವಸರವಿಲ್ಲದೆ ಇಳಿಯಿತು.
ಮೊದಲ ಗುಟುಕಿಗೆ ಕಣ್ಣು ಮುಚ್ಚಿಕೊಂಡಿತು.
ಎರಡನೆಯದಕ್ಕೆ ಸುಳ್ಳು ಹೇಳಿದ್ದು ನೆನಪಾಯಿತು.
ಮೂರನೆಯದಕ್ಕೆ ಮರೆತೂ ಹೋಯಿತು.
ಬಂದವರಿಗೆ ಅದರಲ್ಲಿ ಒಂದು ಚಮಚವೂ ಹಾಕಲಿಲ್ಲ.

ಮುಂದಿನ ತಿಂಗಳು ಹೋದೆ.
ಅದೇ ಪೊಟ್ಟಣ, ಅದೇ ಸ್ಟೇಪ್ಲರ್ ಪಿನ್ನು.
ಇಲಿಬೋನಿನ ಹಿಂದಿಲ್ಲ, ಎರಡನೇ ಸಾಲಿನಲ್ಲಿದೆ.
ನೂರಾ ಮೂವತ್ತೈದು.

'ಇದೇನು ಧರಣೇಂದ್ರಯ್ಯ?'
ತಕ್ಕಡಿಯಿಂದ ತಲೆಯೆತ್ತದೆ ಅಂದ:
'ಲೋಟ ನಾನೂ ನೋಡ್ತಿದ್ದೆ ಅಕ್ಕ.'

ಆಮೇಲೆ ಗಲ್ಲಾಪೆಟ್ಟಿಗೆಯ ಪಕ್ಕದಿಂದ ಒಂದನ್ನು ತೆಗೆದ,
ಸುತ್ತ ನೋಡಿ ನನ್ನ ಚೀಲಕ್ಕೆ ಇಳಿಬಿಟ್ಟ:
'ನಿಮಗೆ ನೂರಾಹತ್ತು.
ಟೀಚರಮ್ಮಂಗೆ ಹೇಳಬೇಡಿ.'