ರಾತ್ರಿಪಾಳಿಯ ಮೀನು

ರಜಾ ಇದ್ದ ರಾತ್ರಿನೂ ನಿದ್ದಿ ಹತ್ತೂದಿಲ್ಲ,
ಹದಿನೇಳು ವರ್ಷ ಕಿಮ್ಸಿನ ರಾತ್ರಿಪಾಳಿ ಮಾಡಿದ ಮೈ.
ಎರಡೂವರಿಗೆ ನೀರು ಕುಡಿಯಾಕ ಎದ್ದಾಕಿ
ಮೀನಿನ ತೊಟ್ಟಿ ಮುಂದ ನಿಂತೆ.

ಒಳಗ ಐದು ಡಿಸ್ಕಸ್,
ಅಂಗೈಯಗಲ, ತಾಲಿಪಟ್ಟಿನ್ಹಂಗ ದುಂಡಗ,
ಎಲಿ ಸಂದ್ಯಾಗ ನಿಂತಲ್ಲೇ ನಿದ್ದಿ.
ಮೊಬೈಲಿನ ಬೆಳಕು ಹಿಡಿದೆ.
ನೀಲಿಗೆರಿ ಮೀನಿನ ಪಕ್ಕಡಿಗೆ ಬಾಯಿ ಹಚ್ಚಿ
ಅಂಟಿಕೊಂಡಿತ್ತು ಕರೀ ಪ್ಲೆಕೊ,
ಮುದ್ದು ಕೊಟ್ಟಂಗ.
ಬೆಳಕಿಗೆ ಸರಕ್ಕನ ಸರೀತು. ಅದು ಸರಿದಲ್ಲಿ
ರೂಪಾಯಿಯಷ್ಟು ಬೆಳ್ಳಗ ಗಾಯ.

ಬೆಡ್‌ಸೋರ್ ಗುರ್ತು ಹಿಡಿಯೋ ಕಣ್ಣು ನನ್ನವು.
ಇದು ಇವತ್ತಿಂದಲ್ಲ, ಮೂರು ದಿನದ್ದು.
ಮೂರೂ ರಾತ್ರಿ ನಾನು
ಬ್ಯಾರೇದವರ ಮಗ್ಗಲಾ ಬದಲಿಸಾಕ ಹೋಗಿದ್ದೆ.

ದಾಜಿಬಾನಪ್ಯಾಟಿ ದಾವಲಸಾಬ ಕೊಟ್ಟಾಗ ಅದು
ಕಿರುಬೆರಳಷ್ಟಿತ್ತು.
"ಅಕ್ಕಾರ, ಕಸಾ ತಿಂತೈತಿ, ಪಾಚಿ ತಿಂತೈತಿ,
ಏನೂ ಹಾಕೂದು ಬ್ಯಾಡ. ಪುಕ್ಕಟ ಆಳು."
ಆ ಮಾತಿಗೆ ನಾನೂ ನಕ್ಕಿದ್ದೆ.
ಹದಿನಾಲ್ಕು ತಿಂಗಳಿಗೆ ಗೇಣು ಮೀರಿ ಬೆಳೀತು.
ಬಾಲ ಬೀಸಿದ್ರ ಬೇರುಸಮೇತ ಗಿಡಾ ಮ್ಯಾಲೆ,
ತಿಂದದ್ದಕ್ಕಿಂತ ಹೇತದ್ದ ಹೆಚ್ಚು.
ಗಾಜಿನ ಪಾಚಿ ಗಾಜಿನ ಮ್ಯಾಲೇ ಇತ್ತು.

ವಾರ್ಡಿನ್ಯಾಗ ನೆಲಾ ಒರಸಿ
ಡಬ್ಬಿ ಬಿಚ್ಚಿ ಕುಂತಿದ್ದ ಹುಲಿಗೆವ್ವಗ ಇದನ್ನ ಹೇಳಿದೆ.
ರೊಟ್ಟಿ ಮುರಿಯೂದು ನಿಲ್ಲಸಲಿಲ್ಲ ಆಕಿ.
"ಕಸಾ ತಿಂದು ಯಾರ ಹೊಟ್ಟಿ ತುಂಬತೈತ್ರೀ, ಸಿಸ್ಟರ?"

ಬಾಜೂಮನಿ ಪ್ರಲ್ಹಾದ ಮಾಸ್ತರು
"ಉಣಕಲ್ ಕೆರಿಗೆ ಬಿಡ್ರೆಲಾ, ಪುಣ್ಯಾ ಬರ್ತದ" ಅಂದ್ರು.
ನನಗ ಪುಣ್ಯಾ,
ಕೆರಿಯಾಗಿನ ಮೀನಿಗೇನು?
ಬಕೀಟಿಗೆ ಒದ್ದಿ ಟಾವೆಲ್ ಮುಚ್ಚಿ ಚಿಗರಿ ಬಸ್ಸಿಗೆ ಹೊಂಟೆ.
"ಒಳಗೇನೈತ್ರೀ?" ಅಂದ ಗೇಟಿನ್ಯಾಂವ.
"ಪೇಶಂಟ್" ಅಂದೆ.

ದಾವಲಸಾಬ ಮಾತಾಡಲಿಲ್ಲ.
ಬಾಗಲದಾಗಿನ ದೊಡ್ಡ ತೊಟ್ಟಿಗೆ ಬಿಟ್ಟ.
ಅಲ್ಲಿ ಅಂಥಾವ ನಾಕು ಆಗಲೇ ಇದ್ದು,
ಎಲ್ಲಾ ಯಾರೋ ತಿರುಗಿ ತಂದವು.

ಆಮ್ಯಾಲೆ ಒಂದೊಂದ ತೋರಿಸಿದ.
ಬಿಳಿಕರಿ ಪಟ್ಟಿ ಜೀಬ್ರಾ: ಬಿಸಿ ತಡೀತೈತಿ,
ಪಾಚಿ ಮೂಸಂಗಿಲ್ಲ, ಬೆಲೆ ನನ್ನ ಅರ್ಧ ಪಗಾರ.
ರಬ್ಬರ್‌ತುಟಿಯದು ಹರಿಯೂ ತಂಪು ನೀರಿಂದು,
ನನ್ನ ತೊಟ್ಟಿಯ ಸಣ್ಣ ಜ್ವರದಾಗ
ಉಸಿರಿಗೆ ಬಾಯಿ ಬಿಡತೈತಿ.
ಕ್ಲೌನ್ ಮೂರು ಬೆರಳು, ಸಾಧು,
ಆದ್ರ ಹಗಲೂ ರಾತ್ರಿ ಕಟ್ಟಿಗೀದ ಧ್ಯಾನ.
ಮೂಲ್ಯಾಗ ಮೀಸಿ ಪ್ಲೆಕೊ,
ಗಂಡಿನ ಮೂತಿ ತುಂಬ ಮುಳ್ಳು ಮುಳ್ಳು,
ಹೆಣ್ಣಿನ ತುಟಿ ಅಂಚಿಗೆ ನಾಕೇ ನಾಕು.

ಎಷ್ಟು ಬೆಳಿತೈತಿ? "ಐದು ಬೆರಳು."
ಎಷ್ಟು ಬಿಸಿ ತಡೀತೈತಿ? "ಇಪ್ಪತ್ತೆಂಟು. ಮ್ಯಾಲೆ ಒಯ್ಯಬ್ಯಾಡ್ರಿ."
ಗಿಡಾ? "ಹೊಟ್ಟಿ ತುಂಬಿದ್ರ ಮುಟ್ಟಂಗಿಲ್ಲ."
ರಾತ್ರಿ ಏನು ಮಾಡತೈತಿ?
"ರಾತ್ರಿ ನಾ ಅಂಗಡ್ಯಾಗ ಇರಂಗಿಲ್ಲಕ್ಕಾ."

ಆ ಒಂದು ಖರೇಕ್ಕ ಅಂವನ್ನ ಮಾಫ್ ಮಾಡಿದೆ,
ಹೆಣ್ಣೊಂದನ್ನ ಹಿಡಿಸಿಕೊಂಡೆ.

ಹೀಟರ್ ದಿನಾ ಅರ್ಧ ಡಿಗ್ರಿ ಇಳಿಸಿ ಇಪ್ಪತ್ತೆಂಟಕ್ಕ ತಂದೆ,
ಡಿಸ್ಕಸ್ ಒಂದೆರಡು ದಿನ ಮಾರಿ ಗಂಟು ಹಾಕ್ಕೊಂಡು
ಆಮ್ಯಾಲೆ ಒಪ್ಪಿದ್ವು.
ಆಸ್ಪತ್ರಿ ಅಂಗಳದ ಒಣ ಬಾದಾಮಿ ಎಲಿ ಆರಿಸಿ ತಂದು ಹಾಕಿದೆ,
ನೀರು ಕಡಕ್ ಚಹಾದ ಬಣ್ಣ.
ನಳ ಬರೂದು ಎಂಟು ದಿನಕ್ಕೊಮ್ಮೆ;
ಮೊದಲ ನಾಕು ಕೊಡ ಇವುಗಳಿಗೆ,
ನನ್ನ ಸೀರಿ ನೆನೀಲಿಕ್ಕೆ ಉಳದದ್ದು.

ಈಗ ದೀಪ ಆರಿದ ಮ್ಯಾಲೆ
ಸೌತಿಕಾಯಿ ಹೋಳನ್ನ ಸ್ಟೀಲ್ ಚಮಚಕ್ಕ ಚುಚ್ಚಿ ಮುಳುಗಿಸ್ತೀನಿ.
ಕಟ್ಟಿಗಿ ಕೆಳಗಿಂದ ಮೀಸಿ ಹೊರಗ ಬರತೈತಿ,
ಆಮ್ಯಾಲೆ ಆಕಿ.
ಬೆಳಕು ಹರಿಯೂದ್ರಾಗ ಹೋಳಿನ ನಡುವ ತೂತು,
ಹಸರು ಸಿಪ್ಪಿ ಬಳಿಯಂಗ ಚಮಚಕ್ಕ ಜೋತಿರತೈತಿ.
ಗಾಜೂ ಅಷ್ಟಿಷ್ಟು ತಿಳಿ.

ನೀಲಿಗೆರಿಯದರ ಗಾಯ ಮಾಸೈತಿ,
ಅಲ್ಲಿ ಗೆರಿ ಮಾತ್ರ ಸೊಟ್ಟ ಕೂಡ್ಯಾವ.

ಆದ್ರೂ ಎರಡೂವರಿಗೆ ಎದ್ದು ಬೆಳಕು ಹಿಡಿತೀನಿ.
ಆಕಿ ಮ್ಯಾಲೆ ನಂಬಿಕಿ ಇಲ್ಲಂತಲ್ಲ.
ರೌಂಡ್ಸ್.